ಮಾಳಿಗೆಯ ಮೇಲಿನ ತಂತಿ

ನಗರದ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ಮಾಳಿಗೆಯ ಮೇಲೆ ವಿಚಿತ್ರವಾದ ತಂತಿಯೊಂದು ಕಾಣುವುದುಂಟು. ನೀರಿನ ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿದ ಬಿದಿರಿನ ಗಳದ ತುದಿಯಿಂದ ಅದು ಎರಡು ದಿಕ್ಕಿಗೆ ಇಳಿಜಾರಾಗಿ ಇಳಿದು, ಕೈಪಿಡಿಗೋಡೆಯ ಮೂಲೆಗಳಲ್ಲಿ ನೈಲಾನ್ ಹಗ್ಗಕ್ಕೆ ಬಿಗಿದುಕೊಂಡಿರುತ್ತದೆ. ದಾರಿಹೋಕರು ಅದನ್ನು ಬಟ್ಟೆ ಒಣಗಿಸುವ ತಂತಿಯೆಂದುಕೊಂಡು ಮುಂದೆ ಸಾಗುತ್ತಾರೆ. ನೆರೆಮನೆಯ ಹಿರಿಯರು ಇಣುಕಿ ನೋಡಿ, “ಇದೇನು, ಸಿಡಿಲನ್ನು ಮನೆಗೆ ಕರೆಯುವ ಹಂಚಿಕೆಯೆ?” ಎಂದು ಕೇಳುತ್ತಾರೆ. ಒದ್ದೆ ಸೀರೆಯನ್ನು ಅದರ ಮೇಲೆ ಹರವಲು ಹೋಗಿ ಮಗನಿಂದ ತಡೆಯಲ್ಪಟ್ಟ ತಾಯಿಯ ಪ್ರಶ್ನೆ ಇನ್ನೂ ನೇರವಾದದ್ದು: “ಎಲ್ಲರ ಕೈಯಲ್ಲೂ ಒಂದೊಂದು ಫೋನು ಇರುವಾಗ, ಈ ತಂತಿ ಕಟ್ಟಿ ಯಾರೊಡನೆ ಮಾತನಾಡಬೇಕಾಗಿದೆಯಪ್ಪ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ತಂತಿಯ ಕಥೆಯನ್ನು ಮೊದಲಿನಿಂದ ಕೇಳಬೇಕು.

ಹವ್ಯಾಸಿ ಬಾನುಲಿ ಎಂದರೆ ಹಾಡು, ವಾರ್ತೆ ಕೇಳುವ ರೇಡಿಯೋ ಅಲ್ಲ. ತಾನೂ ಮಾತನಾಡಿ, ದೂರದವರ ಮಾತನ್ನೂ ಆಲಿಸುವ ಎರಡು ಕಡೆಯ ಸಂಪರ್ಕ ಅದು. ಇದನ್ನು ಕೈಗೊಂಡವರಿಗೆ ಲೋಕವೆಲ್ಲ ‘ಹ್ಯಾಮ್’ ಎಂಬ ಅಡ್ಡಹೆಸರಿಟ್ಟಿದೆ. ಭಾರತದಲ್ಲಿ ಇದಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. ಆಗ ವಿಯು ೨ ಅಥವಾ ವಿಯು ೩ ಎಂದು ಮೊದಲಾಗುವ ಕರೆಸಂಕೇತವೊಂದು ದೊರೆಯುತ್ತದೆ. ಲೋಕದಲ್ಲಿ ಮತ್ತಾರಿಗೂ ಇಲ್ಲದ ಹೆಸರು ಅದು. ಈ ಮಾತುಕತೆಯಲ್ಲಿ ವ್ಯಾಪಾರ ಕೂಡದು, ಹಣ ಪಡೆಯುವಂತಿಲ್ಲ, ಸಂಗೀತ ಬಿತ್ತರಿಸುವಂತಿಲ್ಲ. ಪರವಾನಗಿಯಿಲ್ಲದೆ ಪ್ರೇಷಕ ಯಂತ್ರವನ್ನು ನಡೆಸುವುದು ಅಪರಾಧ. ಕಲಿಯುವುದು, ಪ್ರಯೋಗ ಮಾಡುವುದು, ಸ್ನೇಹ ಬೆಳೆಸುವುದು, ಇವಿಷ್ಟೇ ಇದರ ಉದ್ದೇಶ. ಎಲ್ಲಕ್ಕಿಂತ ಮುಖ್ಯವಾದ ಸಂಪ್ರದಾಯವೊಂದುಂಟು: ಯಂತ್ರವನ್ನಾಗಲಿ ಏರಿಯಲ್ಲನ್ನಾಗಲಿ, ಸಾಧ್ಯವಾದಷ್ಟನ್ನು ತನ್ನ ಕೈಯಿಂದಲೇ ಕಟ್ಟಿಕೊಳ್ಳುವುದು.

ಈ ಸಂಪ್ರದಾಯ ಬಡತನದಿಂದ ಹುಟ್ಟಿದ್ದಲ್ಲ. ನಿಸ್ತಂತು ವಿದ್ಯೆಯ ಆರಂಭದಲ್ಲಿ ಕೊಳ್ಳಲು ಅಂಗಡಿಯೇ ಇರಲಿಲ್ಲ, ಬೇಕಾದವರು ಮಾಡಿಕೊಳ್ಳಲೇಬೇಕಾಗಿತ್ತು. ೧೮೯೫ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. ಅವರ ಉಪಕರಣಗಳೆಲ್ಲ ಸ್ವಂತ ಕಲ್ಪನೆಯವು. ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆಂಬುದನ್ನು ಅಳೆಯಲು ಅವರು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನೇ ತೆಗೆದುಕೊಂಡು, ಹಾಳೆ ಹಾಳೆಗಳ ನಡುವೆ ತವರದ ತೆಳುಹಾಳೆಯನ್ನಿಟ್ಟು ಉಪಯೋಗಿಸಿದರು. ಸೆಣಬಿನ ನಾರನ್ನು ಹೊಸೆದ ಕಟ್ಟುಗಳೂ ಅವರ ಪ್ರಯೋಗಶಾಲೆಯ ಸಾಮಗ್ರಿಯಾದವು. ರೈಲಿನ ವೇಳೆ ತಿಳಿಸುವ ಪುಸ್ತಕ ಅಲೆಯ ನಡೆಯನ್ನೂ ತಿಳಿಸಬಲ್ಲದೆಂದು ಆ ಕೈಗೆ ಹೊಳೆಯಿತು. ೧೯೦೧ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯ ಸಂಕೇತವನ್ನು ನ್ಯೂಫೌಂಡ್‌ಲ್ಯಾಂಡಿನ ಗುಡ್ಡದ ಮೇಲೆ ಕೇಳಿದಾಗ, ಅವನ ಏರಿಯಲ್ ತಂತಿಯನ್ನು ಎತ್ತಿ ಹಿಡಿದದ್ದು ಒಂದು ಗಾಳಿಪಟ.

ಆಮೇಲೆ ಬಂದವು ಕಂಪನಿಗಳು, ಹಡಗುಗಳು, ನೌಕಾಪಡೆಗಳು. ದೂರ ಹೋಗಬೇಕಾದರೆ ಉದ್ದನೆಯ ಅಲೆಗಳೇ ಬೇಕು, ಅಲೆ ಮೋಟಾದಷ್ಟೂ ನಿಷ್ಪ್ರಯೋಜಕ ಎಂಬುದು ಅಂದಿನ ಪಂಡಿತರ ನಂಬಿಕೆ. ಸಾವಿರಾರು ಮೀಟರ್ ಉದ್ದದ ಅಲೆಗಳಿಗಾಗಿ ದೊಡ್ಡ ದೊಡ್ಡ ಗೋಪುರಗಳು ಎದ್ದವು. ಎಲ್ಲೆಂದರಲ್ಲಿ ಕಿಡಿ ಹಾರಿಸುತ್ತ ಗದ್ದಲವೆಬ್ಬಿಸುತ್ತಿದ್ದ ಹವ್ಯಾಸಿ ಹುಡುಗರನ್ನು ಏನು ಮಾಡುವುದು? ೧೯೧೨ರಲ್ಲಿ ಅಮೆರಿಕದ ಶಾಸನ ಅವರನ್ನು ೨೦೦ ಮೀಟರ್ ಮತ್ತು ಅದಕ್ಕಿಂತ ಮೋಟಾದ ಅಲೆಗಳಿಗೆ ತಳ್ಳಿತು. ದಾಯಾದಿಗಳು ಪಾಲಾಗುವಾಗ ಕೈಲಾಗದ ತಮ್ಮನಿಗೆ ಕಲ್ಲುಭೂಮಿಯನ್ನು ಬರೆದುಕೊಟ್ಟಂತೆ ಆಯಿತು ಆ ವ್ಯವಹಾರ. ಹವ್ಯಾಸಿಗಳು ತಾವಾಗಿಯೇ ಬೇಸತ್ತು ಸುಮ್ಮನಾಗುವರೆಂದು ಹಲವರು ಎಣಿಸಿದರು.

ಅವರು ಸುಮ್ಮನಾಗಲಿಲ್ಲ. ಆ ಕಲ್ಲುಭೂಮಿಯನ್ನೇ ಅಗೆಯತೊಡಗಿದರು. ೧೯೨೧ರಲ್ಲಿ ಅಮೆರಿಕದ ಹವ್ಯಾಸಿಗಳ ಸಂಘ ಪಾಲ್ ಗಾಡ್ಲಿ ಎಂಬ ತಜ್ಞನನ್ನು ಸಾಗರದಾಚೆ ಕಳುಹಿಸಿತು. ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲೂರಿನ ಬಯಲಿನಲ್ಲಿ ಅವನು ಡೇರೆ ಹೊಡೆದು, ಗಿಡ್ಡ ಕಂಬಗಳ ಮೇಲೆ ಸುಮಾರು ೧೩೦೦ ಅಡಿ ಉದ್ದದ ತಂತಿಯನ್ನು ಎಳೆದು, ಡಿಸೆಂಬರಿನ ಮಳೆ ಚಳಿಗಳಲ್ಲಿ ಕಿವಿಗೊಟ್ಟು ಕುಳಿತ. ತಾಯ್ನಾಡಿನ ಹವ್ಯಾಸಿಗಳು ಮನೆಮನೆಗಳಲ್ಲಿ ಕಟ್ಟಿದ ಯಂತ್ರಗಳ ಸಂಕೇತಗಳು ಇಪ್ಪತ್ತಕ್ಕೂ ಹೆಚ್ಚು ಠಾಣೆಗಳಿಂದ ಒಂದಾದಮೇಲೊಂದಾಗಿ ಅವನಿಗೆ ಕೇಳಿಸಿದವು. ಎರಡು ವರ್ಷ ಕಳೆದು, ೧೯೨೩ರ ನವೆಂಬರಿನಲ್ಲಿ, ಫ್ರಾನ್ಸಿನ ನೀಸ್ ನಗರದ ಲಿಯೋ ಡಲ್ವಾ ಮತ್ತು ಅಮೆರಿಕದ ಫ್ರೆಡ್ ಷ್ನೆಲ್ ಸುಮಾರು ೧೦೦ ಮೀಟರಿನ ಅಲೆಯ ಮೇಲೆ ಸಾಗರದ ಎರಡು ದಡಗಳಿಂದ ಪರಸ್ಪರ ಸಂಭಾಷಿಸಿದರು. ಅಲೆ ಮೋಟಾಗಿತ್ತು; ದೂರ ಮಾತ್ರ ಮೋಟಾಗಲಿಲ್ಲ.

ಅದಕ್ಕಿಂತಲೂ ಸೋಜಿಗದ ಸಂಗತಿ ನಡೆದದ್ದು ೧೯೨೪ರ ಅಕ್ಟೋಬರ್ ೧೮ರಂದು. ಲಂಡನ್ನಿನ ಮಿಲ್ ಹಿಲ್ ಶಾಲೆಯಲ್ಲಿ ಸೆಸಿಲ್ ಗಾಯ್ಡರ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ತನ್ನ ಯಂತ್ರದ ಮುಂದೆ ಕುಳಿತಿದ್ದ. ಭೂಗೋಳದ ಮತ್ತೊಂದು ಬದಿಯಲ್ಲಿ, ನ್ಯೂಜಿಲೆಂಡಿನ ಶಾಗ್ ಕಣಿವೆಯಲ್ಲಿ, ಕುರಿ ಸಾಕುವ ಕುಟುಂಬದ ಫ್ರ್ಯಾಂಕ್ ಬೆಲ್ ಕುಳಿತಿದ್ದ. ಇಬ್ಬರ ನಡುವೆ ಸುಮಾರು ೧೨,೦೦೦ ಮೈಲಿ. ನೆಲದ ಮೇಲೆ ಅದಕ್ಕಿಂತ ಹೆಚ್ಚು ದೂರ ಹೋಗುವುದೇ ಕಷ್ಟ. ಶಾಲಾ ಬಾಲಕನ ಸಂಕೇತ ಕುರುಬನ ಕೊಟ್ಟಿಗೆಯನ್ನು ಮುಟ್ಟಿತು, ಉತ್ತರವೂ ಬಂದಿತು. ಇಂಗ್ಲೆಂಡಿಗೂ ನ್ಯೂಜಿಲೆಂಡಿಗೂ ನಿಸ್ತಂತು ಮೂಲಕ ಎರಡು ಕಡೆಯ ಸಂಭಾಷಣೆ ನಡೆದದ್ದು ಅದೇ ಮೊದಲು. ಫ್ರ್ಯಾಂಕ್ ಮುಂದೆ ಹೊಲಮನೆಯ ಕೆಲಸಕ್ಕೆ ತಿರುಗಿದಾಗ ಅವನ ಅಕ್ಕ ಬ್ರೆಂಡಾ ಯಂತ್ರವನ್ನು ವಹಿಸಿಕೊಂಡಳು. ಆ ದೇಶದ ಮೊದಲ ಮಹಿಳಾ ಹವ್ಯಾಸಿಯಾಗಿ, ೧೯೨೭ರಲ್ಲಿ ದಕ್ಷಿಣ ಆಫ್ರಿಕದೊಡನೆ ನ್ಯೂಜಿಲೆಂಡಿನ ಮೊದಲ ಸಂಪರ್ಕವನ್ನು ಸಾಧಿಸಿದಳು.

ಇದು ಹೇಗೆ ಸಾಧ್ಯವಾಯಿತು? ಭೂಮಿ ಗುಂಡಗಿದೆ, ಅಲೆಯಾದರೋ ನೇರವಾಗಿ ಸಾಗುವಂಥದು. ಆದರೆ ನೆಲದಿಂದ ನೂರು ಕಿಲೋಮೀಟರ್ ಮತ್ತು ಅದಕ್ಕೂ ಮೇಲೆ, ಸೂರ್ಯಕಿರಣಗಳ ಹೊಡೆತದಿಂದ ವಿದ್ಯುದಂಶ ಹೊತ್ತ ವಾಯುಪದರಗಳು ಹರಡಿಕೊಂಡಿವೆ. ಹ್ರಸ್ವತರಂಗಗಳು ಅಲ್ಲಿಗೆ ತಾಗಿ, ಕನ್ನಡಿಗೆ ಬಿದ್ದ ಬಿಸಿಲಿನಂತೆ ಮತ್ತೆ ನೆಲಕ್ಕೆ ಬಾಗುತ್ತವೆ. ನೆಲದಿಂದ ಚಿಮ್ಮಿ ಮತ್ತೆ ಮೇಲೇರುತ್ತವೆ. ಹೀಗೆ ನೆಗೆನೆಗೆಯುತ್ತ ಲೋಕವನ್ನೇ ಸುತ್ತುತ್ತವೆ. ಅಂಥ ಪದರವೊಂದು ಉಂಟೆಂದು ಪ್ರಯೋಗದಿಂದ ಸ್ಥಾಪಿಸಿದ ಎಡ್ವರ್ಡ್ ಆಪಲ್ಟನ್ನರ ಕಾರ್ಯವೂ ನಡೆದದ್ದು ಆ ೧೯೨೪ರ ಡಿಸೆಂಬರಿನಲ್ಲೇ. ೧೯೪೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ನಿರುಪಯುಕ್ತವೆಂದು ಬಿಸುಟ ಅಲೆಗಳು ಬಂಗಾರದ ಗಣಿಯೆಂದು ತಿಳಿದೊಡನೆ ಸರ್ಕಾರಗಳೂ ಕಂಪನಿಗಳೂ ಅವುಗಳಿಗಾಗಿ ಮುಗಿಬಿದ್ದವು.

ಮಿಲ್ ಹಿಲ್ ಶಾಲೆಯ ಆ ಹುಡುಗನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ೧೯೩೬ರಲ್ಲಿ ಅದೇ ಸೆಸಿಲ್ ಗಾಯ್ಡರ್ ಭಾರತಕ್ಕೆ ಬಂದು ಆಲ್ ಇಂಡಿಯಾ ರೇಡಿಯೋದ ಮುಖ್ಯ ಎಂಜಿನಿಯರಾದ. ಇಷ್ಟು ವಿಶಾಲವಾದ ದೇಶಕ್ಕೆ ಮಧ್ಯಮತರಂಗದ ಠಾಣೆಗಳಷ್ಟೆ ಸಾಲವೆಂದು ಕಂಡು, ದೆಹಲಿ, ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಹ್ರಸ್ವತರಂಗದ ಪ್ರೇಷಕಗಳು ಏಳುವುದಕ್ಕೆ ಅವನ ಯೋಜನೆ ಕಾರಣವಾಯಿತು. ಶಾಲೆಯ ಕೋಣೆಯಲ್ಲಿ ಕೈಯಾರೆ ಕಲಿತ ಪಾಠ ಒಂದು ದೇಶದ ಹಳ್ಳಿಹಳ್ಳಿಗೆ ದನಿಯಾಗಿ ತಲಪಿತು.

ಆ ಹೊತ್ತಿಗೆ ಮೈಸೂರಿನಲ್ಲಿಯೂ ಇಂಥದೇ ಉತ್ಸಾಹದ ದೀಪವೊಂದು ಹತ್ತಿಕೊಂಡಿತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಲ್ಲೇ ೩೦ ವಾಟಿನ ಸಣ್ಣ ಪ್ರೇಷಕ ಯಂತ್ರವೊಂದನ್ನಿಟ್ಟುಕೊಂಡು ಬಿತ್ತರ ಆರಂಭಿಸಿದರು. ಇಂದಿನ ಎಷ್ಟೋ ಮನೆಗಳ ಒಂದು ದೀಪದ ಶಕ್ತಿ ಅದು! ಆ ಠಾಣೆಯೊಡನೆ ಬೆಳಗಿದ ‘ಆಕಾಶವಾಣಿ’ ಎಂಬ ಹೆಸರು ೧೯೫೦ರ ದಶಕದಲ್ಲಿ ರಾಷ್ಟ್ರದ ಬಾನುಲಿಗೇ ಹೆಸರಾಯಿತು. ಗೋಪಾಲಸ್ವಾಮಿಯವರದು ಬಿತ್ತರದ ಹಾದಿ, ಹ್ಯಾಮ್‌ಗಳದು ಸಂಭಾಷಣೆಯ ಹಾದಿ. ಆದರೂ ಮನೆಯೊಳಗಿನ ಒಬ್ಬ ಮನುಷ್ಯನ ಆಸಕ್ತಿ ಆಕಾಶವನ್ನು ಮುಟ್ಟಬಲ್ಲದೆಂಬ ನಂಬಿಕೆ ಎರಡಕ್ಕೂ ಒಂದೇ.

ಇಷ್ಟಾದಮೇಲೆ ಮಾಳಿಗೆಗೆ ಮರಳಬಹುದು. ಅಲ್ಲಿರುವ ತಂತಿಯನ್ನು ಕಟ್ಟುವುದು ಹೇಗೆ?

ತಂಬೂರಿಯನ್ನು ಬಲ್ಲ ಮನೆಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಂತಿ ಉದ್ದವಾದರೆ ಶ್ರುತಿ ಇಳಿಯುತ್ತದೆ, ಮೋಟಾದರೆ ಏರುತ್ತದೆ. ಏರಿಯಲ್ಲಿನ ನಿಯಮವೂ ಅದೇ. ಬಾನುಲಿ ಅಲೆ ಸೆಕೆಂಡಿಗೆ ೩೦ ಕೋಟಿ ಮೀಟರ್ ಸಾಗುತ್ತದೆ. ಹ್ಯಾಮ್‌ಗಳಿಗೆ ಪ್ರಿಯವಾದ ೭.೧ ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ೭೧ ಲಕ್ಷ ಕಂಪನ. ಭಾಗಿಸಿದರೆ ಒಂದು ಅಲೆಯ ಉದ್ದ ೪೨ ಮೀಟರಿಗೆ ತುಸು ಹೆಚ್ಚು. ಅದರ ಅರ್ಧ ೨೧ ಮೀಟರ್. ಆದರೆ ತಂತಿಯ ತುದಿಗಳ ಪ್ರಭಾವದಿಂದ ನೂರಕ್ಕೆ ಐದರಷ್ಟು ಕಡಿಮೆ ಸಾಕಾಗುತ್ತದೆ. ಆದುದರಿಂದ ಹವ್ಯಾಸಿಗಳ ಲೆಕ್ಕ ಬಹಳ ಸರಳ: ೧೪೩ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಬರುತ್ತದೆ. ಇಲ್ಲಿ ಅದು ಸುಮಾರು ೨೦ ಮೀಟರ್. ಅದನ್ನು ನಡುವೆ ಕತ್ತರಿಸಿದರೆ ಹತ್ತು ಹತ್ತು ಮೀಟರಿನ, ಎಂದರೆ ೩೩ ಅಡಿಯ, ಎರಡು ತೋಳುಗಳು. ಎರಡು ತೋಳುಗಳುಳ್ಳ ಇದಕ್ಕೆ ಡೈಪೋಲ್ ಎಂದು ಹೆಸರು.

ಬೇಕಾದ ಸಾಮಗ್ರಿ ಊರಿನ ಗುಜರಿ ಬೀದಿಯಲ್ಲೇ ಸಿಗುತ್ತದೆ. ಮನೆಯ ವಿದ್ಯುತ್ ಕೆಲಸಕ್ಕೆ ಬಳಸುವ ತಾಮ್ರದ ತಂತಿ ಸಾಕು. ಹಿಂದೆ ಪಿಂಗಾಣಿಯ ಮೊಟ್ಟೆಗಳು ಮಾಡುತ್ತಿದ್ದ ವಿದ್ಯುತ್ ನಿರೋಧದ ಕೆಲಸವನ್ನು ಈಗ ನೀರಿನ ಪಿವಿಸಿ ಕೊಳವೆಯ ಗೇಣುದ್ದದ ತುಂಡುಗಳು ಮಾಡುತ್ತವೆ. ನಡುವಿನ ತುಂಡಿಗೆ ಎರಡೂ ತೋಳುಗಳನ್ನು ಬಿಗಿದು, ಕೋಆಕ್ಸಿಯಲ್ ಕೇಬಲ್ಲಿನ ಒಳತಂತಿಯನ್ನು ಒಂದು ತೋಳಿಗೂ, ಹೊರಗಿನ ಹೆಣಿಗೆಯನ್ನು ಇನ್ನೊಂದು ತೋಳಿಗೂ ಬೆಸೆಯಬೇಕು. ಆ ಕೇಬಲ್ಲನ್ನೇ ನಡುವಿನ ತುಂಡಿನ ಕೆಳಗೆ ದೊಡ್ಡ ಬಳೆಯ ಆಕಾರದಲ್ಲಿ ಹತ್ತಾರು ಸುತ್ತು ಸುತ್ತಿ ಕಟ್ಟಿದರೆ, ಹೊರಮೈಯ ಮೇಲೆ ಹರಿದು ಮನೆಯೊಳಗೆ ನುಗ್ಗುವ ಬೇಡದ ವಿದ್ಯುತ್ತು ತಡೆಯಲ್ಪಡುತ್ತದೆ. ಬೆಸುಗೆಯ ಸ್ಥಳವನ್ನು ಮಳೆನೀರು ಸೇರದಂತೆ ಮುಚ್ಚಬೇಕು. ಇದನ್ನು ಅಸಡ್ಡೆ ಮಾಡಿದವರ ಏರಿಯಲ್ಲು ಮೊದಲ ಮುಂಗಾರಿನಲ್ಲೇ ಮೂಕವಾಗುತ್ತದೆ.

ನಡುವನ್ನು ಎತ್ತರದ ಗಳಕ್ಕೆ ಏರಿಸಿ ತೋಳುಗಳನ್ನು ಇಬ್ಬದಿಗೆ ಇಳಿಬಿಟ್ಟರೆ ಒಂದೇ ಕಂಬದಲ್ಲಿ ಕೆಲಸ ಮುಗಿಯುತ್ತದೆ. ಮನೆಯ ಸೂರಿನಂತೆ ತೋಳುಗಳ ನಡುವಿನ ಕೋನ ಅಗಲವಾಗಿರಲಿ; ತೊಂಬತ್ತು ಅಂಶಕ್ಕಿಂತ ಕಿರಿದಾಗಬಾರದು. ಹೀಗೆ ಇಳಿಬಿಡುವುದರಿಂದ ಮತ್ತೊಂದು ಲಾಭವುಂಟು. ನೆಟ್ಟನೆ ಎಳೆದ ಡೈಪೋಲಿನ ವಿದ್ಯುತ್ ನಿರೋಧ ತೆರೆದ ಬಾನಿನಲ್ಲಿ ಸುಮಾರು ೭೩ ಓಮ್. ಇಳಿಬಿಟ್ಟಾಗ ಅದು ತಗ್ಗಿ, ಕೇಬಲ್ಲಿಗೂ ಯಂತ್ರಕ್ಕೂ ಒಗ್ಗುವ ೫೦ ಓಮಿನ ಸಮೀಪಕ್ಕೆ ಬರುತ್ತದೆ.

ಲೆಕ್ಕದಂತೆ ಕತ್ತರಿಸಿದ ಮಾತ್ರಕ್ಕೆ ಶ್ರುತಿ ಕೂಡೀತೆ? ಕೂಡುವುದಿಲ್ಲ. ಪಕ್ಕದ ತೊಟ್ಟಿ, ಮಾಳಿಗೆಯ ಕಬ್ಬಿಣದ ಸರಳು, ನೆಲದ ತೇವ, ಎಲ್ಲವೂ ತಂತಿಯ ಮೇಲೆ ಪ್ರಭಾವ ಬೀರುತ್ತವೆ. ಒಗ್ಗದ ಏರಿಯಲ್ಲಿಗೆ ಕಳುಹಿಸಿದ ಶಕ್ತಿ, ಕಲ್ಯಾಣಿಯ ಮೆಟ್ಟಿಲಿಗೆ ಬಡಿದ ತೆರೆಯಂತೆ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಎಷ್ಟು ಹಿಂದಿರುಗಿತೆಂದು ತೋರಿಸುವ ಸಣ್ಣ ಮಾಪಕವೊಂದುಂಟು. ಅದನ್ನೂ ಮನೆಯಲ್ಲೇ ಕಟ್ಟುವವರು ಬಹಳ ಮಂದಿ. ತಂತಿ ೭.೧ರ ಬದಲಿಗೆ ೭.೦ ಮೆಗಾಹರ್ಟ್ಸಿನಲ್ಲಿ ಒಗ್ಗುತ್ತಿದ್ದರೆ, ಅದು ಉದ್ದವಾಗಿದೆಯೆಂದು ಅರ್ಥ. ಎರಡೂ ತೋಳುಗಳಲ್ಲಿ ಸುಮಾರು ೧೪ ಸೆಂಟಿಮೀಟರಿನಷ್ಟು ಕಳೆಯಬೇಕು. ಆದುದರಿಂದಲೇ ಅನುಭವಿಗಳು ಮೊದಲು ಅರ್ಧ ಮೀಟರ್ ಹೆಚ್ಚಾಗಿಯೇ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾರೆ. ಅವಸರಪಟ್ಟವನು ಗಿಡ್ಡವಾದ ತಂತಿಯನ್ನು ಹಿಡಿದು ಮತ್ತೆ ಅಂಗಡಿಗೆ ಓಡಬೇಕು. ಕತ್ತರಿಸಿದ ತಂತಿ ಬಳ್ಳಿಯಂತೆ ಚಿಗುರುವುದಿಲ್ಲ.

ಕೈಯಿಂದ ಕಟ್ಟುವುದರ ನಿಜವಾದ ಲಾಭ ಇಲ್ಲಿಯೇ ಇದೆ. ಕೊಂಡು ತಂದ ಏರಿಯಲ್ಲು ಕೆಟ್ಟರೆ ಕೊಂಡವನು ಕೈಕಟ್ಟಿ ನಿಲ್ಲುತ್ತಾನೆ. ಕಟ್ಟಿದವನಿಗಾದರೋ ಅದರ ಪ್ರತಿಯೊಂದು ಗಂಟೂ ಪರಿಚಿತ. ಯಾವ ಅಳತೆ ಏಕೆ ಬಂತು, ಯಾವುದನ್ನು ಬದಲಿಸಿದರೆ ಏನಾಗುತ್ತದೆ ಎಂಬುದು ಅವನಿಗೆ ತಿಳಿದಿರುತ್ತದೆ. ಇದಕ್ಕೆ ನಿದರ್ಶನ ದಕ್ಷಿಣ ಅಮೆರಿಕದ ಕೀಟೋ ನಗರದಲ್ಲಿ ದೊರೆಯುತ್ತದೆ. ಸಮುದ್ರಮಟ್ಟದಿಂದ ಒಂಬತ್ತು ಸಾವಿರ ಅಡಿಗೂ ಮೇಲಿರುವ ಆ ಊರಿನ ಬಾನುಲಿ ಠಾಣೆಯಲ್ಲಿ, ತೆಳುಗಾಳಿಯ ಕಾರಣ ಏರಿಯಲ್ ಕೋಲುಗಳ ತುದಿಗಳಿಂದ ವಿದ್ಯುತ್ತು ಕಿಡಿಯಾಗಿ ಸೋರಿ, ಲೋಹವೇ ಕರಗುತ್ತಿತ್ತು. ಅಲ್ಲಿನ ಎಂಜಿನಿಯರೂ ಹವ್ಯಾಸಿಯೂ ಆಗಿದ್ದ ಕ್ಲಾರೆನ್ಸ್ ಮೂರ್ ೧೯೪೨ರ ಸುಮಾರಿಗೆ ಒಂದು ಉಪಾಯ ಕಂಡ. ತುದಿಯಿಂದ ತೊಂದರೆಯಾದರೆ, ತುದಿಯೇ ಇಲ್ಲದ ಏರಿಯಲ್ಲನ್ನು ಏಕೆ ಮಾಡಬಾರದು? ತಂತಿಯನ್ನು ಚೌಕವಾಗಿ ಬಾಗಿಸಿ ಎರಡು ಕೊನೆಗಳನ್ನೂ ಕೂಡಿಸಿದ. ಕಿಡಿ ನಿಂತಿತು. ‘ಕ್ವಾಡ್’ ಎಂಬ ಹೆಸರಿನ ಆ ಚೌಕವನ್ನು ಇಂದಿಗೂ ಹವ್ಯಾಸಿಗಳು ಬಿದಿರಿನ ಚೌಕಟ್ಟಿನ ಮೇಲೆ ಕಟ್ಟುತ್ತಾರೆ.

ಯಂತ್ರಗಳ ವಿಷಯದಲ್ಲಿಯೂ ಹೀಗೆಯೇ. ೨೦೦೩ರಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬ ಹವ್ಯಾಸಿ, ಆರು ವಾಟ್ ಶಕ್ತಿಯ, ೧೪ ಮೆಗಾಹರ್ಟ್ಸಿನ ಪ್ರೇಷಕ ಗ್ರಾಹಕ ಯಂತ್ರವೊಂದನ್ನು ರೂಪಿಸಿ ಅದರ ನಕ್ಷೆಯನ್ನು ಎಲ್ಲರಿಗೂ ಧಾರೆಯೆರೆದರು. ‘ಬಿಟ್‌ಎಕ್ಸ್’ ಎಂಬ ಅದು ಸಾಮಾನ್ಯ ಬಿಡಿಭಾಗಗಳಿಂದಲೇ ಕಟ್ಟಬಹುದಾದದ್ದು. ಸುರುಳಿಗಳನ್ನು ಸುತ್ತಲು ಪರದೇಶದ ವಿಶೇಷ ಉಂಗುರಗಳು ದೊರೆಯದ ಕಡೆ ನಲ್ಲಿಯ ವಾಷರೇ ಸಾಕೆಂದು ಅದು ತೋರಿಸಿಕೊಟ್ಟಿತು. ನೀರು ಸೋರದಂತೆ ತಡೆಯುವ ಎರಡು ಕಾಸಿನ ಬಿಲ್ಲೆಯ ಮೇಲೆ ತಾಮ್ರದ ಎಳೆ ಸುತ್ತಿ, ಸಾಗರದಾಚೆಯ ದನಿಯನ್ನು ಕೇಳಿದವರು ಹಲವು ದೇಶಗಳಲ್ಲಿದ್ದಾರೆ. ಬ್ರಾಡ್‌ಶಾ ಪುಸ್ತಕದಿಂದ ನಲ್ಲಿಯ ವಾಷರಿನವರೆಗೆ ನೂರು ವರ್ಷಕ್ಕೂ ಮೀರಿದ ಕಾಲ ಸಂದಿದೆ. ಕೈಯ ಚಾಳಿ ಮಾತ್ರ ಬದಲಾಗಿಲ್ಲ.

ನೆಲವಷ್ಟೇ ಅಲ್ಲ, ಅಂತರಿಕ್ಷವೂ ಈ ಹವ್ಯಾಸದ ಅಂಗಳವಾಗಿದೆ. ೨೦೦೫ರ ಮೇ ೫ರಂದು ಶ್ರೀಹರಿಕೋಟೆಯಿಂದ ಏರಿದ ರಾಕೆಟ್ಟು, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸಿದ್ಧವಾದ ‘ಹ್ಯಾಮ್‌ಸ್ಯಾಟ್’ ಎಂಬ ೪೨.೫ ಕಿಲೋಗ್ರಾಂ ತೂಕದ ಉಪಗ್ರಹವನ್ನು ಹವ್ಯಾಸಿಗಳಿಗಾಗಿಯೇ ಕಕ್ಷೆಗೆ ಸೇರಿಸಿತು. ಅದರೊಳಗಿದ್ದ ಎರಡು ಮರುಪ್ರೇಷಕಗಳಲ್ಲಿ ಒಂದು ಭಾರತದ್ದು. ಇನ್ನೊಂದನ್ನು ಹಾಲೆಂಡಿನ ತರುಣ ಹವ್ಯಾಸಿಯೊಬ್ಬ ನಿರ್ಮಿಸಿದ್ದ. ೨೦೧೪ರ ಜುಲೈವರೆಗೆ, ಒಂಬತ್ತು ವರ್ಷಕ್ಕೂ ಮೀರಿ, ಅದು ಲೋಕದ ಹವ್ಯಾಸಿಗಳ ಮಾತನ್ನು ಹೊತ್ತು ತಿರುಗಿತು. ೨೦೨೫ರ ಜುಲೈ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳೊಡನೆ ಮಾತನಾಡಿದ್ದೂ ಹ್ಯಾಮ್ ರೇಡಿಯೋ ಮೂಲಕವೇ.

ಅಂತರಿಕ್ಷದ ದನಿಯನ್ನು ಹಿಡಿಯಲು ಭಾರಿ ಉಪಕರಣ ಬೇಕೆಂದೇನೂ ಇಲ್ಲ. ನಿಲ್ದಾಣದ ಹವ್ಯಾಸಿ ಸಂಕೇತಗಳು ಬರುವ ೧೪೫ ಮೆಗಾಹರ್ಟ್ಸಿನಲ್ಲಿ ಅರ್ಧ ಅಲೆಯ ಉದ್ದ ಕೇವಲ ಒಂದು ಮೀಟರ್. ಬಡಗಿಗಳ ಉಕ್ಕಿನ ಅಳತೆಪಟ್ಟಿಯನ್ನು ಮೂರು ತುಂಡು ಮಾಡಿ, ಪಿವಿಸಿ ಕೊಳವೆಗೆ ಅಡ್ಡಲಾಗಿ ಬಿಗಿದರೆ ಯಾಗಿ ಏರಿಯಲ್ಲೊಂದು ಸಿದ್ಧವಾಗುತ್ತದೆ. ಹಿಂದಿನ ತುಂಡು ತುಸು ಉದ್ದ, ಮುಂದಿನದು ತುಸು ಗಿಡ್ಡ, ನಡುವಿನದಕ್ಕೆ ಕೇಬಲ್ಲು. ಮೊದಲು ಬಣ್ಣವನ್ನು ಚೆನ್ನಾಗಿ ಕೆರೆಯದಿದ್ದರೆ ಬೆಸುಗೆ ಹಿಡಿಯದು. ಅದನ್ನು ಕೈಯಲ್ಲಿ ಹಿಡಿದು, ನಾನೂರು ಕಿಲೋಮೀಟರ್ ಎತ್ತರದಲ್ಲಿ ಸಾಗುವ ನಿಲ್ದಾಣದ ಕಡೆಗೆ ತಿರುಗಿಸುತ್ತ ಹೋಗಬೇಕು. ಕೇಳುವುದಷ್ಟಕ್ಕೇ ನಿಲ್ಲುವ ಶಾಲಾ ಮಕ್ಕಳಿಗೆ ರಜೆಯ ದಿನಗಳಲ್ಲಿ ಇದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಪಾಠ ಬೇರೆ ದೊರೆಯಲಾರದು.

ಎಚ್ಚರಿಕೆಯ ಮಾತುಗಳನ್ನು ಮರೆಯಲಾಗದು. ಮನೆಯ ಬಳಿ ಹಾದುಹೋಗುವ ವಿದ್ಯುತ್ ತಂತಿಗಳ ಹತ್ತಿರ ಏರಿಯಲ್ಲನ್ನು ಎಂದೂ ಕಟ್ಟಬಾರದು. ಗಳ ಉರುಳಿದರೂ ಅವನ್ನು ಮುಟ್ಟದಷ್ಟು ದೂರವಿರಬೇಕು. ಗುಡುಗು ಕೇಳಿಸುವ ಮೊದಲೇ ಕೇಬಲ್ಲನ್ನು ಯಂತ್ರದಿಂದ ಬಿಡಿಸಿ ಹೊರಗಿಡಬೇಕು. ಕಂಬಕ್ಕೆ ಭೂಸಂಪರ್ಕ ಅವಶ್ಯ. ಮಾಳಿಗೆಯ ಅಂಚಿನಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡಬಾರದು. ಪ್ರೇಷಕ ನಡೆಯುತ್ತಿರುವಾಗ ತಂತಿಯ ತುದಿಗಳಲ್ಲಿ ಒತ್ತಡ ಅತ್ಯಧಿಕ, ಮುಟ್ಟಿದರೆ ಸುಡುತ್ತದೆ. ಒದ್ದೆ ಸೀರೆ ಹರವಲು ಹೋದ ತಾಯಿಯನ್ನು ಮಗ ತಡೆದದ್ದು ತಂತಿಯ ಮೇಲಿನ ಮೋಹದಿಂದಷ್ಟೇ ಅಲ್ಲ. ಆ ತುದಿಗಳು ಆಳಿನ ಕೈಗೆಟುಕದ ಎತ್ತರದಲ್ಲಿರಬೇಕಾದದ್ದು ಕಟ್ಟಿದವನ ಹೊಣೆ.

ಇನ್ನು ತಾಯಿಯ ಪ್ರಶ್ನೆಗೆ ಉತ್ತರ.

೨೦೦೪ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಅನುಭವಿ ಹವ್ಯಾಸಿಯ ನೇತೃತ್ವದ ತಂಡವೊಂದು ಅಂಡಮಾನಿನ ಪೋರ್ಟ್‌ಬ್ಲೇರಿಗೆ ಹೋಗಿತ್ತು. ಆ ದ್ವೀಪಗಳಿಂದ ಹ್ಯಾಮ್ ದನಿ ಕೇಳಿಬಂದು ಬಹುಕಾಲವಾಗಿದ್ದುದರಿಂದ, ವಿಯು ೪ ಎಂದು ಮೊದಲಾಗುವ ಅವರ ಸಂಕೇತವನ್ನು ಹಿಡಿಯಲು ಲೋಕದ ಹವ್ಯಾಸಿಗಳು ಹಗಲಿರುಳೂ ಹಾತೊರೆದು ಕುಳಿತಿದ್ದರು. ಎಲ್ಲವೂ ಒಂದು ಆಟ, ಒಂದು ಸಂಭ್ರಮ. ಡಿಸೆಂಬರ್ ೨೬ರ ಬೆಳಗ್ಗೆ ನೆಲ ನಡುಗಿತು. ಅದರ ಹಿಂದೆಯೇ ಸುನಾಮಿ ದ್ವೀಪಗಳ ಮೇಲೆ ಎರಗಿತು. ದೂರವಾಣಿ ಕಡಿದುಹೋಯಿತು. ಹತ್ತಿರದವರು ಬದುಕಿರುವರೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯಿಲ್ಲದೆ ಸಾವಿರಾರು ಮಂದಿ ತತ್ತರಿಸಿದರು.

ಹವ್ಯಾಸಿಗಳು ಆಟವನ್ನು ಆ ಕ್ಷಣವೇ ನಿಲ್ಲಿಸಿದರು. ಲೋಕದೊಡನೆ ಹರಟಲು ಕಟ್ಟಿದ್ದ ತಂತಿಗಳೇ ದ್ವೀಪಕ್ಕೂ ಮುಖ್ಯಭೂಮಿಗೂ ಸೇತುವೆಯಾದವು. ‘ಕ್ಷೇಮವಾಗಿದ್ದೇವೆ’ ಎಂಬ ಸಂದೇಶಗಳು, ಕಾಣೆಯಾದವರ ವಿಚಾರಣೆಗಳು, ಪರಿಹಾರ ಕಾರ್ಯದ ಬೇಡಿಕೆಗಳು ಅವುಗಳ ಮೂಲಕ ಹರಿದವು. ಅತಿಯಾಗಿ ನೊಂದಿದ್ದ ಕಾರ್ ನಿಕೋಬಾರ್ ದ್ವೀಪಕ್ಕೂ ಹವ್ಯಾಸಿಗಳು ಯಂತ್ರವನ್ನು ಹೊತ್ತು ಹೋದರು. ಅಂಥ ಕಡೆ ಗೋಪುರವಿಲ್ಲ, ಅಂಗಡಿಯಿಲ್ಲ, ಕರೆದರೆ ಬರುವ ಮೆಕ್ಯಾನಿಕ್ಕಿಲ್ಲ. ಇರುವುದು ಒಂದು ಬ್ಯಾಟರಿ, ಒಂದು ಸಣ್ಣ ಯಂತ್ರ, ಒಂದು ಸುರುಳಿ ತಂತಿ. ಮತ್ತು ಅದನ್ನು ಎಷ್ಟುದ್ದ ಕತ್ತರಿಸಿ ಯಾವ ಮರಕ್ಕೆ ಹೇಗೆ ಕಟ್ಟಬೇಕೆಂದು ಬಲ್ಲ ಕೈ.

ಫೋನೆಂಬುದು ಒಂದು ದೊಡ್ಡ ಏರ್ಪಾಡಿನ ತುದಿ ಮಾತ್ರ. ಅದರ ಹಿಂದೆ ಗೋಪುರಗಳು, ಭೂಗತ ಕೇಬಲ್ಲುಗಳು, ವಿದ್ಯುತ್ತು, ಸಿಬ್ಬಂದಿ ಎಲ್ಲವೂ ನಿಂತಿ ಇರಬೇಕು. ಅವು ಉರುಳಿದಾಗ ಅದು ಬರಿಯ ಗಾಜಿನ ಫಲಕ. ಡೈಪೋಲ್ ತಂತಿಗಾದರೋ ಇಬ್ಬರು ಮನುಷ್ಯರೂ ಮೇಲಿನ ಆಕಾಶವೂ ಸಾಕು. ಬಹಳ ಎತ್ತರಕ್ಕೆ ಕಟ್ಟದ ತಂತಿಯಾದರೆ ಮತ್ತೂ ಒಂದು ಗುಣವುಂಟು: ಅದು ಅಲೆಯನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತದೆ, ಅಲೆ ಕೆಲವು ನೂರು ಕಿಲೋಮೀಟರಿನ ಸುತ್ತಳತೆಯಲ್ಲಿ ಮಳೆಯಂತೆ ಕೆಳಗಿಳಿಯುತ್ತದೆ. ಬೆಂಗಳೂರಿನ ಮಾಳಿಗೆಯಿಂದ ಹಗಲಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿಗಳೊಡನೆ ಮಾತನಾಡಲು ಅದೇ ಒಳ್ಳೆಯದು. ನೇರವಾಗಿ ಸಾಗುವ ಅಲೆಗಳಿಗೆ ಅಡ್ಡನಿಲ್ಲುವ ಘಟ್ಟದ ಕಣಿವೆಗಳಿಗೂ ಅದು ಮೇಲಿನಿಂದ ಇಳಿಯಬಲ್ಲದು.

ಹಾಗೆಂದು ಪ್ರತಿಯೊಬ್ಬ ಹವ್ಯಾಸಿಯೂ ಪ್ರಳಯವನ್ನು ನಿರೀಕ್ಷಿಸಿ ಕುಳಿತಿರುತ್ತಾನೆಂದಲ್ಲ. ಅವನ ಸಂಜೆಗಳು ಸಾಮಾನ್ಯವಾಗಿ ಹವೆಯ ಮಾತು, ಯಂತ್ರದ ಮಾತು, ಊರಿನ ಕುಶಲಗಳಲ್ಲೇ ಕಳೆಯುತ್ತವೆ. ಸಂಪರ್ಕದ ನೆನಪಿಗಾಗಿ ಅಂಚೆಯಲ್ಲಿ ಬರುವ ಬಣ್ಣದ ಕಾರ್ಡುಗಳನ್ನು ಗೋಡೆಗೆ ಅಂಟಿಸಿಕೊಳ್ಳುವುದೇ ಅವನ ಪಾರಿತೋಷಕ. ಆದರೆ ಆ ಸಾಮಾನ್ಯ ಸಂಜೆಗಳಲ್ಲಿ ಕೈ ಕಲಿಯುತ್ತಿರುತ್ತದೆ. ಕಲ್ಲುಭೂಮಿಯನ್ನು ಅಗೆದ ಹುಡುಗರಿಗೆ ತಾವು ಒಂದು ದೇಶದ ಬಾನುಲಿಗೆ ದಾರಿ ತೋಡುತ್ತಿದ್ದೇವೆಂದು ತಿಳಿದಿರಲಿಲ್ಲ. ಪೋರ್ಟ್‌ಬ್ಲೇರಿನಲ್ಲಿ ತಂತಿ ಎಳೆದವರಿಗೂ ಡಿಸೆಂಬರ್ ೨೬ರ ಅರಿವಿರಲಿಲ್ಲ. ಬೇಕಾದ ದಿನ ಬಂದಾಗ ಕಲಿಯಲು ವ್ಯವಧಾನವಿರುವುದಿಲ್ಲ. ಅದಕ್ಕೆ ಮೊದಲೇ ಕಲಿತಿರಬೇಕು.

ಆದುದರಿಂದ ಮಗ ಮಾಳಿಗೆಯ ಮೇಲೆ ತಂತಿ ಕಟ್ಟುತ್ತೇನೆಂದರೆ, ಮಗಳು ನಲ್ಲಿಯ ವಾಷರು ಕೇಳಿದರೆ, ಮನೆಯವರು ಬೈಯಬೇಕಾಗಿಲ್ಲ. ವಿದ್ಯುತ್ ತಂತಿ ದೂರವಿದೆಯೆ, ಗಳ ಗಟ್ಟಿಯಾಗಿದೆಯೆ, ಪರೀಕ್ಷೆಗೆ ಓದಾಯಿತೆ ಎಂದು ವಿಚಾರಿಸಿ, ಏಣಿಯನ್ನು ಕೆಳಗಿನಿಂದ ಭದ್ರವಾಗಿ ಹಿಡಿದುಕೊಂಡರೆ ಸಾಕು. ಬಟ್ಟೆ ಒಣಗಿಸಲು ಇನ್ನೊಂದು ತಂತಿಯನ್ನು ಆಚೆ ಮೂಲೆಯಲ್ಲಿ ಕಟ್ಟಿಸಿಕೊಳ್ಳಬಹುದು. ಅದನ್ನೂ ಆ ಮಗನೇ ಬಿಗಿಯಾಗಿ ಕಟ್ಟಿಕೊಡುತ್ತಾನೆ.